ಕೆಲಸವನ್ನು ಇನ್‌ಬಾಕ್ಸ್‌ನಿಂದ ಹೊರಗೆ ತಂದ ಬಗೆ

ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಸಿದ್ಧಪಡಿಸುವ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಬರೆಯುವವರು, ಚಿತ್ರ ರಚಿಸುವವರು, ಅನುವಾದಕರು, ತಾಂತ್ರಿಕ ಪರಿಶೀಲಕರು ಎಲ್ಲರೂ ಸೇರಿದರೆ ಒಂದು ಕೈಪಿಡಿ ಹೊರಬರುತ್ತದೆ. ಪ್ರತಿ ಪುಟವೂ ಹಲವರ ಕೈ ದಾಟಬೇಕು. ಬಹುಕಾಲ ಈ ಕೈಬದಲಾವಣೆಯೆಲ್ಲ ಇಮೇಲಿನಲ್ಲಿಯೇ ನಡೆಯುತ್ತಿತ್ತು. ಈಗ ತಂಡದ ಒಳಗಿನ ಕೆಲಸಕ್ಕೆ ನಾವು ಹೆಚ್ಚುಕಡಿಮೆ ಇಮೇಲ್ ಬಳಸುವುದೇ ಇಲ್ಲ. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ಪಟ್ಟು ಹಿಡಿಯಬೇಕಾಯಿತು, ಏನನ್ನು ಇಮೇಲಿಗೇ ಬಿಟ್ಟೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಮೇಲ್ ಕೆಟ್ಟದ್ದೆಂದು ನಾನು ಹೇಳುವವನಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದಾಗ ಹುಟ್ಟಿದ್ದು ಒಂದು ಬಗೆಯ ಪತ್ರ. ಒಬ್ಬರು ಬರೆದಿಡುತ್ತಾರೆ, ಇನ್ನೊಬ್ಬರು ಬಿಡುವಾದಾಗ ಓದುತ್ತಾರೆ. ಯಾವ ಸಂಸ್ಥೆಯವರಾದರೂ ಯಾವ ಸಂಸ್ಥೆಯವರಿಗೆ ಬೇಕಾದರೂ ಬರೆಯಬಹುದು ಎಂಬುದು ಅದರ ದೊಡ್ಡ ಶಕ್ತಿ. ಆದರೆ ನಾವು ಅದೇ ಪತ್ರದ ಪೆಟ್ಟಿಗೆಯನ್ನು ಕಡತಗಳ ಕಪಾಟನ್ನಾಗಿ, ಮಾಡಬೇಕಾದ ಕೆಲಸಗಳ ಪಟ್ಟಿಯನ್ನಾಗಿ, ಅನುಮೋದನೆಯ ದಾಖಲೆಯನ್ನಾಗಿ, ಚರ್ಚೆಯ ಕೋಣೆಯನ್ನಾಗಿ ಒಟ್ಟಿಗೇ ಬಳಸುತ್ತಿದ್ದೆವು. ಅದರಲ್ಲೂ ಆ ಪೆಟ್ಟಿಗೆ ಪ್ರತಿಯೊಬ್ಬರದೂ ಬೇರೆ, ಮತ್ತೊಬ್ಬರ ಕಣ್ಣಿಗೆ ಬೀಳದಂಥದ್ದು. ಹತ್ತು ಜನರ ಕೆಲಸ ಹತ್ತು ಮುಚ್ಚಿದ ಪೆಟ್ಟಿಗೆಗಳಲ್ಲಿ ಹಂಚಿಹೋಗಿದ್ದರೆ, ಒಟ್ಟು ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು ಕೇಳುವುದಲ್ಲದೆ ಬೇರೆ ದಾರಿಯೇ ಇರುವುದಿಲ್ಲ. ಹಾಗೆ ಕೇಳುವುದಕ್ಕೂ ಇನ್ನೊಂದು ಇಮೇಲ್.

ಹೊಸ ತಂತ್ರಾಂಶ ಯಾವುದು ಬೇಕು ಎಂಬ ಚರ್ಚೆಯನ್ನು ನಾನು ಬೇಕೆಂದೇ ಮುಂದಕ್ಕೆ ಹಾಕಿದೆ. ಮೊದಲು ಎಲ್ಲರೂ ತಮಗೆ ಬಂದ ಒಂದು ವಾರದ ಇಮೇಲುಗಳನ್ನು ತೆರೆದು, ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಳ್ಳಲಿ ಎಂದೆ: ಇದು ಏನು ಮಾಡಿಸಲು ಬಂದಿದೆ? ವಿಂಗಡಿಸಿ ನೋಡಿದಾಗ ನಾಲ್ಕು ರಾಶಿಗಳಾದವು. ಕೆಲಸ ಒಪ್ಪಿಸುವವು, ಸಣ್ಣಪುಟ್ಟ ಪ್ರಶ್ನೆ ಕೇಳುವವು, ತೀರ್ಮಾನ ಕೋರುವವು, ಸುಮ್ಮನೆ ತಿಳಿದಿರಲಿ ಎಂದು ಬಂದವು. ನಿಜವಾದ ಪತ್ರ, ಅಂದರೆ ಒಬ್ಬರು ಯೋಚಿಸಿ ಬರೆದು ಇನ್ನೊಬ್ಬರು ಯೋಚಿಸಿ ಉತ್ತರಿಸಬೇಕಾದದ್ದು, ತೀರಾ ಕಡಿಮೆ ಇತ್ತು. ‘ಮೂರನೆಯ ಅಧ್ಯಾಯ ಎಲ್ಲಿಗೆ ಬಂತು?’, ‘ಹೊಸ ರೇಖಾಚಿತ್ರ ಸಿಕ್ಕಿತೇ?’ ಎಂಬಂಥ ವಿಚಾರಣೆಗಳೇ ತುಂಬಿದ್ದವು. ನಾಲ್ಕು ರಾಶಿಗೂ ಒಂದೊಂದು ಜಾಗ ಮಾಡಿಕೊಟ್ಟರೆ ಇಮೇಲ್ ತಾನಾಗಿಯೇ ಇಳಿಯುತ್ತದೆ ಎಂದು ಆಗ ನನಗೆ ಮನದಟ್ಟಾಯಿತು. ‘ಇಮೇಲ್ ಕಡಿಮೆ ಮಾಡಿ’ ಎಂದು ಯಾರಿಗೂ ಹೇಳುವ ಅಗತ್ಯವಿರಲಿಲ್ಲ.

ಮೊದಲ ರಾಶಿಗೆ ಒಂದು ಕೆಲಸದ ಬೋರ್ಡ್ ಮಾಡಿದೆವು. ಎಲ್ಲರಿಗೂ ಕಾಣುವ ಬೋರ್ಡ್. ಅದರಲ್ಲಿ ಕಾಲಂಗಳು: ಬರಬೇಕಾದದ್ದು, ಬರೆಯುತ್ತಿರುವುದು, ಪರಿಶೀಲನೆಯಲ್ಲಿ, ಅನುವಾದದಲ್ಲಿ, ಮುಗಿದದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್. ಇಂಥ ಬೋರ್ಡ್ ಒದಗಿಸುವ ತಂತ್ರಾಂಶಗಳು ಬೇಕಾದಷ್ಟಿವೆ. ಯಾವುದನ್ನು ಆರಿಸಿಕೊಂಡಿರಿ ಎಂಬುದಕ್ಕಿಂತ ಕಾರ್ಡನ್ನು ಹೇಗೆ ಬರೆಯುತ್ತೀರಿ ಎಂಬುದೇ ಮುಖ್ಯ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ನಮ್ಮಲ್ಲಿ ಕಾರ್ಡಿನ ಶೀರ್ಷಿಕೆ ಕ್ರಿಯೆಯನ್ನು ಹೇಳಬೇಕು. ‘ಪಂಪ್ ಅಧ್ಯಾಯ’ ಎಂದರೆ ಸಾಲದು, ‘ಪಂಪ್ ಅಧ್ಯಾಯದ ಸುರಕ್ಷತಾ ಸೂಚನೆಗಳನ್ನು ಹೊಸ ರೇಖಾಚಿತ್ರಕ್ಕೆ ಹೊಂದಿಸುವುದು’ ಎಂದಿರಬೇಕು. ಕಾರ್ಡಿನ ಮೇಲೆ ಒಬ್ಬರ ಹೆಸರು ಮಾತ್ರ ಇರಬೇಕು. ಇಬ್ಬರ ಹೆಸರಿದ್ದರೆ ಅದು ಯಾರ ಹೊಣೆಯೂ ಅಲ್ಲ. ಇಮೇಲಿನಲ್ಲಿ ಆರು ಜನರ ಹೆಸರು ಹಾಕಿ ಕಳುಹಿಸಿದ ಕೋರಿಕೆ ಅನಾಥವಾಗುತ್ತಿದ್ದುದೂ ಇದೇ ಕಾರಣಕ್ಕೆ. ಆಮೇಲೆ, ಏನಾದರೆ ಈ ಕೆಲಸ ಮುಗಿದಂತೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ಈ ಒಂದು ಸಾಲು ಬರೆಯಲು ಜನ ಬಹಳ ತಿಣುಕುತ್ತಾರೆ. ಬರೆದ ಮೇಲೆ ಎಷ್ಟೋ ಪ್ರಶ್ನೆಗಳು ಹುಟ್ಟುವ ಮೊದಲೇ ಅಳಿದುಹೋಗುತ್ತವೆ.

ಕಡತವನ್ನು ಕಾರ್ಡಿಗೂ ಲಗತ್ತಿಸುವುದಿಲ್ಲ, ಇಮೇಲಿಗೂ ಲಗತ್ತಿಸುವುದಿಲ್ಲ. ಅದು ಹಂಚಿಕೊಂಡ ಜಾಗದಲ್ಲಿ ಒಂದೇ ಕಡೆ ಇರುತ್ತದೆ, ಕಾರ್ಡಿನಲ್ಲಿ ಅದರ ಕೊಂಡಿ ಇರುತ್ತದೆ. ಲಗತ್ತಿಸಿದ ಕ್ಷಣದಲ್ಲೇ ಒಂದು ಕಡತ ಎರಡಾಗುತ್ತದೆ. ಐದು ಜನ ಅದನ್ನು ಇಳಿಸಿಕೊಂಡು ಐದು ಬಗೆಯಲ್ಲಿ ತಿದ್ದಿ ಮರಳಿಸಿದರೆ, ಅವುಗಳನ್ನು ಒಂದುಗೂಡಿಸುವುದೇ ಒಬ್ಬರ ಅರ್ಧ ದಿನದ ಕೆಲಸ. ಕೈಪಿಡಿಯ ಕೆಲಸದಲ್ಲಿ ಇದು ಬರೀ ಕಾಲಹರಣದ ಮಾತಲ್ಲ. ಹಳೆಯ ಕರಡಿನಲ್ಲಿದ್ದ ತಪ್ಪು ಅಳತೆಯೊಂದು ಅಚ್ಚಾಗಿ ಹೋದರೆ, ಆ ಯಂತ್ರದ ಮುಂದೆ ನಿಂತು ಕೆಲಸ ಮಾಡುವ ಯಾರಿಗೋ ಪೆಟ್ಟಾಗಬಹುದು.

ಬೋರ್ಡ್ ಬಂದ ಮೇಲೆ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯಿತು. ಪರಿಶೀಲನೆಯ ಕಾಲಂ ಉಬ್ಬಿಹೋಗಿತ್ತು. ಬರೆಯುವವರು ಬೇಗ ಬರೆದು ಮುಂದಕ್ಕೆ ತಳ್ಳುತ್ತಿದ್ದರು, ಪರಿಶೀಲಕರ ಬಳಿ ರಾಶಿ ಬೀಳುತ್ತಿತ್ತು, ಬರೆದವರು ‘ನೋಡಿದಿರಾ?’ ಎಂದು ನೆನಪಿಸುತ್ತಿದ್ದರು. ಇಮೇಲಿನಲ್ಲಿದ್ದಾಗ ಪರಿಶೀಲಕರು ನಿಧಾನ ಎಂಬ ದೂರು ಮಾತ್ರ ಕೇಳಿಬರುತ್ತಿತ್ತು. ಅವರ ಮೇಲೆ ಬಿದ್ದ ಹೊರೆ ಎಷ್ಟೆಂದು ಯಾರಿಗೂ ಕಾಣುತ್ತಿರಲಿಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ತಾಯಿಚಿ ಓನೋ ರೂಢಿಸಿದ ಕಾನ್‌ಬಾನ್ ಪದ್ಧತಿಯಿಂದ ಒಂದು ನಿಯಮವನ್ನು ಎರವಲು ಪಡೆದೆವು: ಮುಂದಿನ ಹಂತ ಕೇಳಿದಷ್ಟನ್ನೇ ಹಿಂದಿನ ಹಂತ ಒದಗಿಸಬೇಕು. ನಮ್ಮ ಪರಿಶೀಲನೆಯ ಕಾಲಂನಲ್ಲಿ ಒಬ್ಬ ಪರಿಶೀಲಕರ ಹೆಸರಿನಲ್ಲಿ ಏಕಕಾಲಕ್ಕೆ ಮೂರು ಕಾರ್ಡುಗಳಿಗಿಂತ ಹೆಚ್ಚು ಇರಕೂಡದು. ಜಾಗವಿಲ್ಲದಿದ್ದರೆ ಬರೆಯುವವರು ಹೊಸದನ್ನು ಆರಂಭಿಸುವ ಬದಲು ಸಹೋದ್ಯೋಗಿಯ ಕರಡನ್ನು ಓದಿಕೊಡುತ್ತಾರೆ. ಆಗ ಪರಿಶೀಲಕರಿಗೆ ಹೋಗುವ ಕರಡು ಇನ್ನೂ ಸ್ವಚ್ಛವಾಗಿರುತ್ತದೆ. ನೆನಪೋಲೆಗಳು ನಿಂತದ್ದು ಮುಖ್ಯವಾಗಿ ಈ ನಿಯಮದಿಂದ.

ವಿರೋಧ ಬಂದದ್ದು ನಾನು ನಿರೀಕ್ಷಿಸಿದ ಕಡೆಯಿಂದಲ್ಲ. ಕಿರಿಯರು ಹೊಂದಿಕೊಂಡರು. ತಂಡದ ಅತ್ಯಂತ ಅನುಭವಿ ಪರಿಶೀಲಕಿಯೊಬ್ಬರು ನೇರವಾಗಿ ನನ್ನ ಮೇಜಿನ ಬಳಿ ಬಂದು, “ಸಾರ್, ನಾಳೆ ಏನಾದರೂ ಎಡವಟ್ಟಾದರೆ ನಾನು ಹೇಳಿದ್ದೆ ಎನ್ನುವುದಕ್ಕೆ ನನ್ನ ಬಳಿ ಏನಿರುತ್ತದೆ? ಇಮೇಲ್ ಇದ್ದರೆ ತೋರಿಸಬಹುದು” ಎಂದರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಕಚೇರಿಗಳಲ್ಲಿ ಇಮೇಲ್ ಇಷ್ಟೊಂದು ಬೆಳೆದಿರುವುದರ ಹಿಂದೆ ಈ ಭಯದ ಪಾಲು ದೊಡ್ಡದಿದೆ. ಮೇಲಧಿಕಾರಿಗಳ ಹೆಸರನ್ನು ಇಮೇಲಿನ ಪ್ರತಿಯ (ಸಿಸಿ) ಸಾಲಿನಲ್ಲಿ ಸೇರಿಸುವವರು ಅವರಿಗೆ ಮಾಹಿತಿ ಕೊಡುತ್ತಿರುವುದಿಲ್ಲ, ಸಾಕ್ಷಿ ಹಾಕಿಸಿಕೊಳ್ಳುತ್ತಿರುತ್ತಾರೆ. ನಂಬಿಕೆ ಇಲ್ಲದ ಜಾಗದಲ್ಲಿ ತಂತ್ರಾಂಶ ಬದಲಾಯಿಸಿದರೆ ಜನ ಸಾಕ್ಷಿ ಹುಡುಕಲು ಹೊಸ ದಾರಿ ಕಂಡುಕೊಳ್ಳುತ್ತಾರೆ ಅಷ್ಟೆ.

ಅವರ ಜೊತೆ ಕುಳಿತು ಹಿಂದಿನ ಒಂದು ತಕರಾರನ್ನು ಬೋರ್ಡಿನ ಕಣ್ಣಿನಿಂದ ನೋಡಿದೆವು. ಕಾರ್ಡಿನಲ್ಲಿ ಯಾರು ಯಾವಾಗ ಏನು ಬರೆದರು, ಯಾವಾಗ ಕಾಲಂ ಬದಲಾಯಿತು ಎಂಬುದೆಲ್ಲ ದಿನಾಂಕ ಸಮೇತ ಉಳಿಯುತ್ತದೆ. ಅದು ಅವರ ಇನ್‌ಬಾಕ್ಸಿನಲ್ಲಿ ಮಾತ್ರವಲ್ಲ, ಎಲ್ಲರ ಮುಂದೆಯೂ ಇರುತ್ತದೆ. ಅವರ ಎಚ್ಚರಿಕೆಯ ಮಾತು ಸಮಯಕ್ಕೆ ಸರಿಯಾಗಿ ಎಲ್ಲರಿಗೂ ಕಂಡರೆ ಎಡವಟ್ಟೇ ಆಗದಿರಬಹುದಲ್ಲ ಎಂದು ನಾನು ಕೇಳಿದೆ. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಅವರ ಆಕ್ಷೇಪವನ್ನು ಒಪ್ಪದೆ ಕಾರ್ಡನ್ನು ಮುಂದಕ್ಕೆ ಸರಿಸುವವರು ಕಾರಣ ಬರೆಯಲೇಬೇಕು. ಆ ಷರತ್ತು ಈಗ ಇಡೀ ತಂಡದ ನಿಯಮ. ನಮ್ಮ ನಿಯಮಗಳಲ್ಲಿ ಅತ್ಯಂತ ಬೆಲೆಬಾಳುವುದು ಅದೇ ಎಂದು ನನಗನಿಸುತ್ತದೆ.

ಚಾಟ್ ವಿಷಯದಲ್ಲಿ ನನಗೆ ಮೊದಲಿನಿಂದಲೂ ಎಚ್ಚರಿಕೆಯಿತ್ತು. ಇಮೇಲ್ ಬಿಟ್ಟು ಎಲ್ಲವನ್ನೂ ಚಾಟಿಗೆ ಸುರಿದ ತಂಡವೊಂದನ್ನು ಹತ್ತಿರದಿಂದ ನೋಡಿದ್ದೆ. ಅಲ್ಲಿ ಇಮೇಲ್ ಕಡಿಮೆಯಾಗಿತ್ತು ನಿಜ, ಆದರೆ ಜನ ಐದು ನಿಮಿಷವೂ ಒಂದು ಕೆಲಸದ ಮೇಲೆ ಕೂರುತ್ತಿರಲಿಲ್ಲ. ಇಮೇಲಿಗಾದರೂ ಸಂಜೆಯೊಳಗೆ ಉತ್ತರಿಸಿದರೆ ನಡೆಯುತ್ತದೆ. ಚಾಟಿನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ‘ಇದ್ದಾರೆ, ಈಗಲೇ ಹೇಳಲಿ’ ಎಂಬ ನಿರೀಕ್ಷೆ ಹುಟ್ಟಿಸುತ್ತದೆ. ಹಾಗಾಗಿ ನಾವು ಚಾಟನ್ನು ಎರಡನೆಯ ರಾಶಿಗೆ, ಅಂದರೆ ಸಣ್ಣ ಪ್ರಶ್ನೆಗಳಿಗೆ ಮಾತ್ರ ಕೊಟ್ಟೆವು. ಪ್ರಶ್ನೆಯನ್ನು ಒಂದೇ ಸಂದೇಶದಲ್ಲಿ ಪೂರ್ತಿ ಕೇಳಬೇಕು. ಬರೀ ‘ನಮಸ್ಕಾರ, ಬಿಡುವಿದೆಯೇ?’ ಎಂದು ಕಳುಹಿಸಿ ಕಾಯಿಸಬಾರದು. ವೈಯಕ್ತಿಕ ಸಂದೇಶಕ್ಕಿಂತ ಆ ಕೈಪಿಡಿಯ ಗುಂಪಿನಲ್ಲಿಯೇ ಕೇಳಬೇಕು, ಏಕೆಂದರೆ ಉತ್ತರ ಇನ್ನೊಬ್ಬರಿಗೂ ಬೇಕಾಗಬಹುದು. ಚಾಟಿನಲ್ಲಿ ಕೆಲಸ ಒಪ್ಪಿಸುವಂತಿಲ್ಲ. ಒಪ್ಪಿಸಬೇಕೆಂದರೆ ಕಾರ್ಡ್ ಬರೆಯಬೇಕು. ನಿಜಕ್ಕೂ ತುರ್ತಾಗಿದ್ದರೆ ಫೋನ್ ಮಾಡಬೇಕು. ಫೋನ್ ಬಾರದಿದ್ದರೆ ತುರ್ತಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದಾಗ ಉಳಿದದ್ದನ್ನೆಲ್ಲ ನೆಮ್ಮದಿಯಾಗಿ ಮುಚ್ಚಿಡಬಹುದು.

ಮುಚ್ಚಿಡುವುದಕ್ಕೂ ಸಮಯ ಗೊತ್ತುಮಾಡಿಕೊಂಡೆವು. ಬೆಳಗಿನ ಮೊದಲ ಎರಡು ಗಂಟೆ ಇಮೇಲೂ ಇಲ್ಲ, ಚಾಟೂ ಇಲ್ಲ, ಸಭೆಯೂ ಇಲ್ಲ. ಇದಕ್ಕೆ ಮೇಲಿನವರ ಒಪ್ಪಿಗೆ ಪಡೆಯುವಾಗ ನನಗೆ ನೆರವಾದದ್ದು ಎರಡು ಅಧ್ಯಯನಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಚೇರಿ ಕೆಲಸದ 13 ಜನರಿಗೆ ಐದು ದಿನ ಇಮೇಲ್ ನಿಲ್ಲಿಸಿದಾಗ ಅವರು ಒಂದು ಕೆಲಸದ ಮೇಲೆ ಹೆಚ್ಚು ಹೊತ್ತು ನಿಂತರು. ಹೃದಯಬಡಿತದ ಏರಿಳಿತವನ್ನು ಅಳೆದಾಗ ಒತ್ತಡವೂ ಇಳಿದಿತ್ತು. 13 ಜನ ಎಂದರೆ ಸಣ್ಣ ಸಂಖ್ಯೆಯೇ. 2015ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ತಾದಿನ್ ಕುಶ್ಲೇವ್ ಮತ್ತು ಎಲಿಜಬೆತ್ ಡನ್ 124 ಜನರ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಬಲ ಕೊಟ್ಟಿತು: ದಿನಕ್ಕೆ ಮೂರು ಬಾರಿ ಮಾತ್ರ ಇಮೇಲ್ ನೋಡಿದ ವಾರದಲ್ಲಿ, ಮನಬಂದಷ್ಟು ನೋಡಿದ ವಾರಕ್ಕಿಂತ ಅವರ ಒತ್ತಡ ಕಡಿಮೆಯಿತ್ತು. ನಾವು ಮಾಡಿದ್ದೂ ಅಷ್ಟೇ: ನೋಡುವ ಹೊತ್ತನ್ನು ಗೊತ್ತುಮಾಡಿಕೊಂಡು, ನೋಟಿಫಿಕೇಶನ್ನುಗಳನ್ನು ನಿಲ್ಲಿಸಿದೆವು. ಆ ಎರಡು ಗಂಟೆಯಲ್ಲಿ ಬರೆದ ಪುಟಗಳನ್ನು ಓದಿದರೆ ಗೊತ್ತಾಗುತ್ತದೆ. ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ಸೂಚನೆ ಎಲ್ಲಿಯೂ ತುಂಡಾಗಿರುವುದಿಲ್ಲ.

ಮೂರನೆಯ ರಾಶಿ ತೀರ್ಮಾನಗಳದು. ಪ್ರತಿ ಕೈಪಿಡಿಗೂ ಒಂದು ತೀರ್ಮಾನದ ಪುಟ ತೆರೆದೆವು. ಪ್ರಶ್ನೆ ಏನು, ಯಾವ ಯಾವ ಆಯ್ಕೆಗಳಿದ್ದವು, ಏನು ತೀರ್ಮಾನವಾಯಿತು, ಏಕೆ, ಯಾರು, ಯಾವ ದಿನ. ನಾಲ್ಕೈದು ಸಾಲಿಗಿಂತ ಹೆಚ್ಚಿಲ್ಲ. ಸಭೆಯಲ್ಲಿ ಆಗಲಿ, ಚಾಟಿನಲ್ಲಿ ಆಗಲಿ, ನಡೆದಾಡುವಾಗ ಆಡಿದ ಮಾತಿನಲ್ಲಿ ಆಗಲಿ, ತೀರ್ಮಾನವೊಂದು ಆ ಪುಟಕ್ಕೆ ಬರುವವರೆಗೆ ತೀರ್ಮಾನವಲ್ಲ. ಇದನ್ನು ನಾನೂ ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಹೊಸದಾಗಿ ಸೇರಿದವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಹಿಂದೆ ಅವರು ಬರುವ ಹೊತ್ತಿಗೆ ತಂಡದ ಇತಿಹಾಸವೆಲ್ಲ ಇತರರ ಇನ್‌ಬಾಕ್ಸುಗಳಲ್ಲಿ ಹೂತುಹೋಗಿರುತ್ತಿತ್ತು. ಈಗ ಒಂದು ಪದವನ್ನು ಏಕೆ ಹೀಗೆಯೇ ಬಳಸುತ್ತೇವೆ ಎಂಬುದನ್ನು ಅವರೇ ಓದಿ ತಿಳಿದುಕೊಳ್ಳುತ್ತಾರೆ.

ನಾಲ್ಕನೆಯ ರಾಶಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೊಮ್ಮೆ ಎಲ್ಲ ಸುದ್ದಿಯನ್ನೂ ಒಂದು ಟಿಪ್ಪಣಿಯಲ್ಲಿ ಸೇರಿಸಿ ಹಂಚುತ್ತೇವೆ. ಕೆಲಸ ಎಲ್ಲಿಗೆ ಬಂತೆಂದು ಸರದಿಯಲ್ಲಿ ಹೇಳುವ ವಾರದ ಸಭೆ ತಾನಾಗಿಯೇ ನಿಂತುಹೋಯಿತು; ಬೋರ್ಡ್ ಅದನ್ನು ಹೇಳುತ್ತದೆ. ಸಭೆ ಕರೆದರೆ ಒಂದು ತೊಡಕನ್ನು ಬಿಡಿಸುವುದಕ್ಕೆ ಮಾತ್ರ.

2011ರಲ್ಲಿ ಅಟಾಸ್ ಎಂಬ ಐಟಿ ಸೇವಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ತಿಯೆರಿ ಬ್ರೆತೋನ್, ಮೂರು ವರ್ಷಗಳಲ್ಲಿ ಸಂಸ್ಥೆಯ ಒಳಗಿನ ಇಮೇಲನ್ನು ಸೊನ್ನೆಗೆ ಇಳಿಸುವ ಗುರಿ ಘೋಷಿಸಿದ್ದರು. ಆ ಗುರಿಯೂ ಒಳಗಿನ ಇಮೇಲಿಗೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಹೊರಗಿನ ಗ್ರಾಹಕರು, ಮುದ್ರಕರು, ಬೇರೆ ಸಂಸ್ಥೆಯ ಎಂಜಿನಿಯರುಗಳು ನಮ್ಮ ಬೋರ್ಡಿಗೆ ಬರಲಿ ಎಂದು ಹಟ ಹಿಡಿಯುವುದು ನ್ಯಾಯವಲ್ಲ. ಕರಾರು, ಅಧಿಕೃತ ಒಪ್ಪಿಗೆ, ವೇತನ, ರಜೆ, ಯಾರದೋ ಖಾಸಗಿ ಕಷ್ಟ ಇವೆಲ್ಲಕ್ಕೂ ಇಮೇಲೇ ಸರಿ. ಹೊರಗಿನ ಪತ್ರಗಳು ಒಬ್ಬರ ಖಾತೆಗೆ ಬರುವ ಬದಲು ತಂಡದ ಒಂದು ಸಾಮಾನ್ಯ ವಿಳಾಸಕ್ಕೆ ಬರುವಂತೆ ಮಾಡಿದ್ದೇವೆ. ಸರದಿಯಲ್ಲಿ ಒಬ್ಬರು ಅದನ್ನು ನೋಡುತ್ತಾರೆ, ಕೆಲಸವಿದ್ದರೆ ಕಾರ್ಡ್ ಮಾಡುತ್ತಾರೆ, ಉತ್ತರ ಬರೆಯುತ್ತಾರೆ. ಯಾರು ರಜೆಯ ಮೇಲೆ ಹೋದರೂ ಗ್ರಾಹಕರ ಪತ್ರ ಕಾಯುತ್ತಾ ಬಿದ್ದಿರುವುದಿಲ್ಲ.

ರಜೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು, ಕೆಲಸದ ವೇಳೆಯ ಆಚೆಗೆ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನು ಬಂದಿದೆ. ಕಾನೂನು ಇರಲಿ ಬಿಡಲಿ, ತಂಡವನ್ನು ನೋಡಿಕೊಳ್ಳುವವರು ರಾತ್ರಿ ಹತ್ತಕ್ಕೆ ಸಂದೇಶ ಕಳುಹಿಸಿ ‘ನಾಳೆ ನೋಡಿದರೆ ಸಾಕು’ ಎಂದು ಬರೆದರೂ ಪಡೆದವರು ಆಗಲೇ ನೋಡುತ್ತಾರೆ. ನನಗೆ ರಾತ್ರಿ ಏನಾದರೂ ಹೊಳೆದರೆ ಕಾರ್ಡಿನಲ್ಲಿ ಬರೆದಿಡುತ್ತೇನೆ, ನೋಟಿಫಿಕೇಶನ್ ಬೆಳಗ್ಗೆ ಹೋಗುವಂತೆ ಹೊಂದಿಸಿದ್ದೇನೆ.

ಇನ್ನೂ ಬಗೆಹರಿಯದ ಸಂಗತಿ ವಿನ್ಯಾಸ ವಿಭಾಗದ್ದು. ರೇಖಾಚಿತ್ರ ಬದಲಾದಾಗ ಅವರು ಈಗಲೂ ದೊಡ್ಡ ಪಟ್ಟಿಗೆ ಇಮೇಲ್ ಕಳುಹಿಸುತ್ತಾರೆ. ಅವರ ಕೆಲಸದ ರೀತಿಗೆ ಅವರದೇ ಕಾರಣಗಳಿವೆ. ಸದ್ಯಕ್ಕೆ ಆ ಇಮೇಲುಗಳು ನಮ್ಮ ಸಾಮಾನ್ಯ ವಿಳಾಸಕ್ಕೆ ಬಂದು, ಸರದಿಯಲ್ಲಿರುವವರು ಯಾವ ಕೈಪಿಡಿಯ ಯಾವ ಪುಟಕ್ಕೆ ಬದಲಾವಣೆ ತಾಗುತ್ತದೆಂದು ನೋಡಿ ಕಾರ್ಡ್ ತೆರೆಯುತ್ತಾರೆ. ಬದಲಾವಣೆ ದಾಖಲಾದೊಡನೆ ಕಾರ್ಡೂ ತೆರೆಯುವಂತೆ ಎರಡು ವ್ಯವಸ್ಥೆಗಳನ್ನು ಜೋಡಿಸಬಹುದೇ ಎಂದು ಅವರ ಮುಖ್ಯಸ್ಥರೊಂದಿಗೆ ಮಾತು ಆರಂಭಿಸಿದ್ದೇವೆ. ಮೊದಲಿಗೆ ಒಂದೇ ಯಂತ್ರದ ಕೈಪಿಡಿಯಲ್ಲಿ ಅದನ್ನು ನಡೆಸಿ ನೋಡಲು ಅವರು ಒಪ್ಪಿದ್ದಾರೆ.