ಮೈಸೂರಿನ ಉದ್ಯಾನಗಳಲ್ಲಿ ನೀರಿನ ಜಾಡು ಹಿಡಿದು

ರಜೆಯ ದಿನಗಳಲ್ಲಿ ಆಸಕ್ತರನ್ನು ಕರೆದುಕೊಂಡು ಮೈಸೂರಿನ ಉದ್ಯಾನ, ಮೈದಾನಗಳನ್ನು ಸುತ್ತಿಸುವುದು ನನಗೆ ಅಂಟಿಕೊಂಡ ಹವ್ಯಾಸ. ಗಿಡದ ಹೆಸರು ಕಲಿಸುವ ನಡಿಗೆ ಅದಲ್ಲ. ನಾನು ಹುಡುಕುವುದು ನೀರನ್ನು. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ, ಜೀವರಾಯನಕಟ್ಟೆ, ಸುಬ್ಬರಾಯನಕೆರೆ: ಮೂರು ಕಡೆಯೂ ಈಗ ಕಾಲಡಿ ಮಣ್ಣೇ ಇದೆ. ಕೆರೆ ಹೋಗಿ ಬಯಲಾದ ಜಾಗವನ್ನು ಬರಿಗಣ್ಣಿನಿಂದ ಓದುವುದು ಹೇಗೆ ಎಂಬುದೇ ನನ್ನ ನಡಿಗೆಯ ವಿಷಯ.

ಮೊದಲು ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು, ಇಂದಿಗೂ ತುಂಬಿಕೊಂಡಿದೆ. ನೀರನ್ನು ತಡೆದು ನಿಲ್ಲಿಸುವ ಕಟ್ಟೆ, ಅಂದರೆ ಏರಿ, ಹೇಗಿರುತ್ತದೆ, ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೊರಬೀಳುತ್ತದೆ ಎಂಬುದನ್ನು ಜೀವಂತ ಕೆರೆಯಲ್ಲಿ ಕಂಡವರಿಗೆ, ಮುಚ್ಚಿಹೋದ ಕೆರೆಯ ತಗ್ಗು ತಾನಾಗಿ ಕಣ್ಣಿಗೆ ಬೀಳುತ್ತದೆ. ಜಾಗ ಗುರುತಿಸಲು ಒಳ್ಳೆಯ ಸಮಯ ಎಂದರೆ ಜೋರು ಮಳೆಯ ಮರುದಿನ ಬೆಳಿಗ್ಗೆ. ನಕ್ಷೆ ಮರೆತದ್ದನ್ನು ನಿಂತ ನೀರು ತೋರಿಸಿಬಿಡುತ್ತದೆ.

ಹಿರಿಯರನ್ನು ಮಾತನಾಡಿಸುವಾಗ "ಇಲ್ಲಿ ಕೆರೆ ಇತ್ತೇ?" ಎಂದು ಕೇಳುವುದಿಲ್ಲ. "ಇತ್ತಂತೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ನಿಮ್ಮ ತಾತ ಎಮ್ಮೆಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು?" ಎಂದು ಕೇಳಿದರೆ ಏರಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಗದ್ದೆಗೆ ನೀರು ಬಿಡುವ ತೂಬು, ಜೊತೆಗೆ ಅಂದಿನ ಒಂದು ಜಗಳ, ಎಲ್ಲವೂ ಹೊರಬರುತ್ತವೆ.

ಮರಗಳನ್ನೂ ಕೇಳಬೇಕು. ನಾಗರಕಲ್ಲು ನೆಟ್ಟ ಅರಳಿಕಟ್ಟೆ ಸಿಕ್ಕರೆ ಹಳೆಯ ಊರಿನ ಓಣಿ ಹತ್ತಿರದಲ್ಲೇ ಇದೆ ಎಂದು ನಾನು ಅಂದಾಜು ಮಾಡುತ್ತೇನೆ. 19ನೆಯ ಶತಮಾನದ ಕೊನೆಗೆ ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ನಗರ ಅಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಹೊಸ ಬಡಾವಣೆಗಳು, ಅಗಲವಾದ ರಸ್ತೆಗಳು ಬಂದವು. ಇಂಥ ರಸ್ತೆಗಳ ನೆರಳಿನ ಮರಗಳಲ್ಲಿ ಎಷ್ಟೋ ದೂರದೂರಿನವು: ಮಳೆಮರ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. ಪರದೇಶದ ಮರ ಎಂದು ಮೂಗು ಮುರಿಯುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಆಯುಧಪೂಜೆಗೆ ಅವರು ಗಾಡಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ ಎಂದು ಆಗ ಹೇಳುತ್ತೇನೆ.

ಸುಬ್ಬರಾಯನಕೆರೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನೀರು ಹೋದ ಮೇಲೆ ಆ ಜಾಗಕ್ಕೆ ಜನ ಬಂದರು. ಸ್ವಾತಂತ್ರ್ಯ ಚಳವಳಿಯ ಸಭೆಗಳು ನಡೆದ ನೆಲ ಅದು. ಇಂದು ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ. ಹೋರಾಟದ ನೆನಪಿಗೆ ಫಲಕ ಸಾಕಾಗುತ್ತದೆ, ಕೆರೆಯ ನೆನಪನ್ನು ಹೆಸರೊಂದೇ ಹೊತ್ತಿದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಆ ಜಾಗಕ್ಕೆ ಅನ್ಯಾಯ ಎಂಬುದು ನನ್ನ ಹಟ.

ಕೃಷ್ಣರಾಜಸಾಗರದಲ್ಲಿ ಕಥೆ ತಿರುವುಮುರುವು. ಮೈಸೂರಿನಲ್ಲಿ ನೀರಿನ ಮೇಲೆ ಮಣ್ಣು ಬಿತ್ತು, ಅಲ್ಲಿ ಮಣ್ಣಿನ ಮೇಲೆ ನೀರು ನಿಂತಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಬೃಂದಾವನಕ್ಕೆ ಕಾಶ್ಮೀರದ ಶಾಲಿಮಾರ್ ಮಾದರಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟ ಅಣೆಕಟ್ಟೆಯ ಕೆಳಗಿದೆ. ಮೇಲೆ ಜಲಾಶಯದಲ್ಲಿ ಹಳೆಯ ಕನ್ನಂಬಾಡಿ ಮುಳುಗಿದೆ. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇಗುಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ, ಹಿನ್ನೀರಿನ ದಡದಲ್ಲಿ, ಮತ್ತೆ ಕಟ್ಟಿದ್ದಾರೆ.

ಹಾಗಾಗಿ ನಾನು ಗುಂಪನ್ನು ಮೊದಲು ದೇಗುಲಕ್ಕೆ, ಆಮೇಲೆ ಉದ್ಯಾನಕ್ಕೆ ಕರೆದೊಯ್ಯುತ್ತೇನೆ. ಮಕ್ಕಳು ಗೊಣಗುತ್ತಾರೆ, ಅವರಿಗೆ ಬೇಕಾದದ್ದು ಸಂಜೆಯ ಸಂಗೀತ ಕಾರಂಜಿ. ಆದರೆ ದೇಗುಲ ನೋಡಿ ಬಂದವರು ಕಾರಂಜಿಯ ಮುಂದೆ ಕುಳಿತಾಗಲೂ ಒಮ್ಮೆ ತಿರುಗಿ ಕಟ್ಟೆಯ ಎತ್ತರ ನೋಡುತ್ತಾರೆ, ಪ್ರಶ್ನೆಗಳು ಆಗ ಶುರುವಾಗುತ್ತವೆ. ಹೋಗುವುದಾದರೆ ಬೇಸಿಗೆಯಲ್ಲಿ, ಹಿನ್ನೀರು ಇಳಿದಿರುವಾಗ ಹೋಗಿ. ದಡದಲ್ಲಿ ನೆರಳು ಕಡಿಮೆ, ಟೋಪಿ ಮತ್ತು ಬುತ್ತಿ ಜೊತೆಗಿರಲಿ.