ಲಗೇಜಿನಲ್ಲಿ ಮದ್ಯದ ಬಾಟಲಿ: ನಾನು ಪಾಲಿಸುವ ಲೆಕ್ಕ

ಜರ್ಮನಿಯಿಂದ ಹುಬ್ಬಳ್ಳಿಗೆ ಬರುವಾಗಲೆಲ್ಲ ಮಾವನವರಿಗೆಂದು ಒಂದೆರಡು ಬಾಟಲಿ ವಿಸ್ಕಿ ತರುವುದು ನನಗೆ ರೂಢಿಯಾಗಿದೆ. ಎಷ್ಟು ತರಬಹುದು ಎಂದು ಕೇಳಿದರೆ ಒಬ್ಬರು ಐದು ಲೀಟರ್ ಎನ್ನುತ್ತಾರೆ, ಇನ್ನೊಬ್ಬರು ಎರಡು ಎನ್ನುತ್ತಾರೆ. ಎರಡೂ ನಿಜವೇ. ಐದು ಲೀಟರ್ ವಿಮಾನದ ಸುರಕ್ಷತೆಗೆ ಸಂಬಂಧಿಸಿದ ಮಿತಿ, ಎರಡು ಲೀಟರ್ ಕಸ್ಟಮ್ಸ್‌ನವರು ಸುಂಕವಿಲ್ಲದೆ ಬಿಡುವ ಪ್ರಮಾಣ. ಒಂದು ಕಡೆ ಸರಿ ಎನಿಸಿಕೊಂಡದ್ದು ಇನ್ನೊಂದು ಕಡೆಯೂ ಸರಿಯಾಗಲೇಬೇಕೆಂದಿಲ್ಲ.

ಸುರಕ್ಷತೆಯ ನಿಯಮ ನೋಡುವುದು ಮದ್ಯಸಾರದ ಪ್ರಮಾಣವನ್ನು. ಶೇ. 24ಕ್ಕಿಂತ ಹೆಚ್ಚು, ಶೇ. 70ನ್ನು ಮೀರದ ಮದ್ಯವನ್ನು ಒಬ್ಬರು ಒಟ್ಟು 5 ಲೀಟರ್‌ವರೆಗೆ ಒಯ್ಯಬಹುದು. ಆದರೆ ಅದು ಅಂಗಡಿಯಲ್ಲಿ ಕೊಂಡಾಗಿನ ಮೂಲ ಬಾಟಲಿಯಲ್ಲಿ, ಸೀಲ್ ಒಡೆಯದೆ ಇರಬೇಕು. ಶೇ. 40ರ ಆಸುಪಾಸಿನ ವಿಸ್ಕಿ ಇದರಲ್ಲಿ ಸೇರುತ್ತದೆ. ಶೇ. 24 ಅಥವಾ ಅದಕ್ಕಿಂತ ಕಡಿಮೆಯ ವೈನ್, ಬಿಯರ್‌ಗಳಿಗೆ ಈ ಮಿತಿ ಇಲ್ಲ, ತೂಕದ ಚಿಂತೆ ಮಾತ್ರ. ಶೇ. 70 ದಾಟಿದ ರಮ್ಮನ್ನು ಯಾವ ಚೀಲದಲ್ಲಿಯೂ ಒಯ್ಯುವಂತಿಲ್ಲ. ಗೋವಾದ ಪರಿಚಿತರು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ ಕೊಡುವ ಫೆನ್ನಿ ಇಲ್ಲಿಯೇ ಅನರ್ಹವಾಗುತ್ತದೆ.

ಕಸ್ಟಮ್ಸ್‌ನ ಲೆಕ್ಕದಲ್ಲಿ ಬಾಟಲಿಯ ಅಳತೆ ಮುಖ್ಯ. ಯುರೋಪಿನಲ್ಲಿ ಸಾಮಾನ್ಯವಾಗಿ ಸಿಗುವುದು 700 ಮಿಲಿಲೀಟರ್‌ನ ಬಾಟಲಿ. ಅಂಥ ಮೂರು ಸೇರಿದರೆ 2.1 ಲೀಟರ್, ಅಂದರೆ ಮಿತಿಗಿಂತ 100 ಮಿಲಿಲೀಟರ್ ಹೆಚ್ಚು. ಆದ್ದರಿಂದ ನಾನು ಒಂದು ಲೀಟರ್‌ನ ಎರಡು ಬಾಟಲಿಗಳನ್ನೇ ಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಇಳಿದ ಮೇಲೆ ಆಗಮನ ವಿಭಾಗದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡದ್ದೂ ಇದೇ ಎರಡು ಲೀಟರ್‌ನೊಳಗೆ ಬರುತ್ತದೆ. ಅದು ಬೇರೆ ಲೆಕ್ಕ ಎಂದುಕೊಂಡವರು ಬಹಳ.

ನಿಜವಾದ ತೊಡಕು ಇರುವುದು ಮುಂದಿನ ವಿಮಾನದಲ್ಲಿ. ಬೆಂಗಳೂರಿನಲ್ಲಿ ಲಗೇಜ್ ಬಿಡಿಸಿಕೊಂಡು, ಕಸ್ಟಮ್ಸ್ ದಾಟಿ, ಹುಬ್ಬಳ್ಳಿಯ ವಿಮಾನಕ್ಕೆ ಮತ್ತೆ ಭದ್ರತಾ ತಪಾಸಣೆಗೆ ನಿಲ್ಲುವಾಗ ಕೈಯಲ್ಲಿ ಡ್ಯೂಟಿ ಫ್ರೀ ಚೀಲವಿದ್ದರೆ ಬಾಟಲಿ ಅಲ್ಲಿಯೇ ಉಳಿಯುವ ಸಂಭವವಿದೆ. ಹೀಗಾಗಿ ದೊಡ್ಡ ಸೂಟ್‌ಕೇಸಿನಲ್ಲಿ ಮೊದಲೇ ಜಾಗ ಬಿಟ್ಟಿರುತ್ತೇನೆ ಮತ್ತು ಚೆಕ್-ಇನ್ ಕೌಂಟರ್‌ಗೆ ಹೋಗುವ ಮೊದಲೇ ಬಾಟಲಿಗಳನ್ನು ಅದರೊಳಗೆ ಸೇರಿಸುತ್ತೇನೆ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್‌ಗಳಲ್ಲಿ ಗಂಟು ಕಟ್ಟಿ, ಹಳೆಯ ಪಂಚೆಯಲ್ಲಿ ಕತ್ತಿನಿಂದ ತಳದವರೆಗೆ ಸುರುಳಿ ಸುತ್ತಿ, ಸೂಟ್‌ಕೇಸಿನ ಗೋಡೆಗೆ ಯಾವ ಕಡೆಯೂ ತಾಗದಂತೆ ಬಟ್ಟೆಗಳ ನಡುವೆ ಮಲಗಿಸುತ್ತೇನೆ. ಎರಡು ಬಾಟಲಿಗಳ ನಡುವೆ ಒಂದು ದಪ್ಪ ಸ್ವೆಟರ್ ಇರಲೇಬೇಕು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಉಚಿತ, ಹಾಗಾಗಿ ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ ಗಾಜಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಬಿಲ್ಲನ್ನು ಪಾಸ್‌ಪೋರ್ಟ್ ಜೊತೆಗಿಡುತ್ತೇನೆ.

ಇನ್ನು ರಾಜ್ಯಗಳ ಅಬಕಾರಿ ಕಾನೂನು ಬೇರೆಯೇ. ಪಾನನಿಷೇಧವಿರುವ ಗುಜರಾತಿಗೋ ಬಿಹಾರಕ್ಕೋ ಹೋಗುವವರಿಗೆ ವಿಮಾನದ ಐದು ಲೀಟರ್ ನಿಯಮ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ವಾಪಸು ಹೊರಡುವಾಗ ಮನೆಯವರು ಕಟ್ಟಿಕೊಡುವ ಗಂಟನ್ನೂ ನಾನೇ ಬಿಚ್ಚಿ ನೋಡುತ್ತೇನೆ. ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಲಗೇಜಿಗೆ. ತಿಪಟೂರಿನ ಒಣಕೊಬ್ಬರಿಯನ್ನು ಮನೆಯಲ್ಲಿಯೇ ಬಿಡುತ್ತೇನೆ. ಎಣ್ಣೆಯಂಶ ಹೆಚ್ಚಿರುವ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ಚೆಕ್-ಇನ್ ಲಗೇಜಿನಲ್ಲಿ ನಿಷಿದ್ಧ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ಕೈಚೀಲದಲ್ಲಿಯೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ 100ರ ಮಿತಿಯೊಳಗೇ ಇರುತ್ತದೆ. ದುಬೈ ಮಾರ್ಗವಾಗಿ ಹೋಗುತ್ತ ಅಲ್ಲಿ ಇಳಿದು ಊರೊಳಗೆ ಹೋಗುವುದಿದ್ದರೆ ಪಾಯಸಕ್ಕೆಂದು ಕೊಟ್ಟ ಗಸಗಸೆಯನ್ನು ಮರೆಯದೆ ತೆಗೆದಿಡುತ್ತೇನೆ, ಏಕೆಂದರೆ ಯುಎಇಯಲ್ಲಿ ಅದು ನಿಷೇಧಿತ ವಸ್ತು.