ಹಳದಿ ತಿರುಗಿದ ಆ ಗುಂಡಿ

ರಕ್ತದಲ್ಲಿ ಎಚ್‌ಐವಿ ಸೋಂಕಿನ ಗುರುತು ಹುಡುಕುವ ಎಲೈಸಾ ಟೆಸ್ಟ್ ನಾನು ಕಲಿತದ್ದು 1990ರಲ್ಲಿ, ಬೆಂಗಳೂರಿನ ಒಂದು ಬ್ಲಡ್ ಬ್ಯಾಂಕಿನಲ್ಲಿ. ಬಟ್ಟಲಿನಂಥ 96 ಪುಟ್ಟ ಗುಂಡಿಗಳ ಪ್ಲಾಸ್ಟಿಕ್ ಪ್ಲೇಟು. ಪ್ರತಿ ಗುಂಡಿಗೂ ವೈರಸ್ಸಿನ ಪ್ರೋಟೀನ್ ಮೊದಲೇ ಅಂಟಿಸಿರುತ್ತಾರೆ. ಸೀರಂ, ಅಂದರೆ ರಕ್ತದ ತಿಳಿ, ಹಾಕಿ 37 ಡಿಗ್ರಿಯಲ್ಲಿ ಇಡಬೇಕು. ತೊಳೆದು ಕಾಂಜುಗೇಟ್ (ಆಂಟಿಬಾಡಿಗೆ ಅಂಟಿ ಬಣ್ಣ ಬರಿಸುವ ದ್ರವ), ಮತ್ತೆ ತೊಳೆದು ಬಣ್ಣದ ದ್ರಾವಣ, ಕೊನೆಗೆ ಆಸಿಡ್. ವೈರಸ್ಸಿನ ವಿರುದ್ಧ ದೇಹ ಹುಟ್ಟಿಸಿದ, ಅದಕ್ಕೆ ಅಂಟುವ ಆಂಟಿಬಾಡಿ ಇದ್ದರೆ ಗುಂಡಿ ಹಳದಿ ತಿರುಗುತ್ತದೆ.

ತೊಳೆಯೋದೇ ಇದರ ಜೀವಾಳ. ನಮ್ಮಲ್ಲಿ ಮೆಷಿನ್ ಇರಲಿಲ್ಲ. ಬಫರ್ ತುಂಬಿ, ಚೆಲ್ಲಿ, ಟಿಶ್ಯೂ ಪೇಪರ್ ಮೇಲೆ ಪ್ಲೇಟು ಬೋರಲು ಹಾಕಿ ಟಪ್ ಟಪ್ ಅಂತ ಕುಟ್ಟುತ್ತಿದ್ದೆ. ಕಾಂಜುಗೇಟ್ ಒಂದಿಷ್ಟು ಉಳಿದರೂ ಸುಮ್ನೆ ಬಣ್ಣ ಬಂದುಬಿಡುತ್ತದೆ.

ಒಂದು ದಿನ ರಕ್ತ ಕೊಡಲು ಬಂದಿದ್ದ ಹೆಂಗಸಿನ ಸ್ಯಾಂಪಲ್ ತೆಳು ಹಳದಿ ಬಂತು. ಜೋಡಿ ಗುಂಡಿಯಲ್ಲಿ ಮತ್ತೆ ಮಾಡಿದೆ. ಎರಡೂ ಹಳದಿ. 'ಪಾಸಿಟಿವ್' ಅಂತ ಬರೆಯಲು ರಿಜಿಸ್ಟರ್ ತೆರೆದೆ. ಸೀನಿಯರ್ ಮೇಡಂ ತಡೆದರು. "ಎಷ್ಟು ಹೆರಿಗೆ ಆಗಿದೆ ಅಂತ ಕೇಳಿದ್ಯಾ?"

ಐದು.

ಅವತ್ತು ಮೇಡಂ ಹೇಳಿದ್ದು ಇನ್ನೂ ಕಿವಿಯಲ್ಲಿದೆ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಬಾರೆ-ಸಿನೂಸಿ ಮತ್ತು ಮೊಂಟನ್ಯೆ ತಂಡಕ್ಕೆ ಈ ವೈರಸ್ ಸಿಕ್ಕಿತು. ಆದರೆ ಅದು ತಾನು ಬೆಳೆಯುವ ಜೀವಕಣಗಳನ್ನೇ ಸಾಯಿಸುತ್ತಿತ್ತು. ದಾನಿಗಳ ರಕ್ತದಿಂದ ಹೊಸ ಕಣ ಹಾಕಿ ಹಾಕಿ ಉಳಿಸಿಕೊಳ್ಳಬೇಕಿತ್ತು. ಟೆಸ್ಟ್ ಕಿಟ್ ಮಾಡಲು ವೈರಸ್ ಜಾಸ್ತಿ ಬೇಕು, ಅಲ್ವಾ? 1984ರಲ್ಲಿ ಅಮೆರಿಕದ ಗ್ಯಾಲೋ ಲ್ಯಾಬಿನಲ್ಲಿ ಪೊಪೊವಿಚ್ ಅದಕ್ಕೆ ದಾರಿ ಕಂಡುಕೊಂಡರು. ಎಚ್9 ಎಂಬ ಮನುಷ್ಯರ ಕ್ಯಾನ್ಸರ್ ಕಣಗಳು ವೈರಸ್ ತಗುಲಿದರೂ ಸಾಯದೆ ಬೆಳೆಯುತ್ತಿದ್ದವು. ಮರುವರ್ಷವೇ ಅಲ್ಲಿ ರಕ್ತ ಪರೀಕ್ಷೆಗೆ ಅನುಮತಿ ಸಿಕ್ಕಿತು.

ತೊಡಕು ಇದ್ದದ್ದೂ ಅಲ್ಲೇ. ವೈರಸ್ ಹೊರಬರುವಾಗ ಆ ಕಣದ ಪ್ರೋಟೀನನ್ನೂ ಮೈಗೆ ಹಚ್ಚಿಕೊಂಡು ಬರುತ್ತದೆ. ನಮ್ಮದು ಅಂಥ ವೈರಸ್ಸಿನಿಂದಲೇ ಮಾಡಿದ ಹಳೆ ಥರದ ಕಿಟ್. ಹೆಚ್ಚು ಹೆರಿಗೆಯಾದ ತಾಯಂದಿರಲ್ಲಿ, ಮಗುವಿಗೆ ತಂದೆಯಿಂದ ಬಂದ ಅಂಥ ಪ್ರೋಟೀನ್‌ಗಳ ವಿರುದ್ಧ ಆಂಟಿಬಾಡಿ ಹುಟ್ಟಿರಬಹುದು. ಅದು ಹೋಗಿ ಗುಂಡಿಗೆ ಅಂಟುತ್ತದೆ. ವೈರಸ್ ಇಲ್ಲದೆಯೂ ಹಳದಿ.

ಸ್ಯಾಂಪಲ್ ವೆಸ್ಟರ್ನ್ ಬ್ಲಾಟ್ ಎಂಬ ಖಚಿತಪಡಿಸುವ ಪರೀಕ್ಷೆಗೆ ಹೋಯಿತು. ಅದರಲ್ಲಿ ವೈರಸ್ಸಿನ ಒಂದೊಂದು ಪ್ರೋಟೀನೂ ಪಟ್ಟಿಯ ಮೇಲೆ ಬೇರೆ ಬೇರೆ ಜಾಗದಲ್ಲಿರುತ್ತದೆ. ಪಿ24 ಎಂಬ ಪ್ರೋಟೀನಿನ ಜಾಗದಲ್ಲಿ ಗೆರೆ ಇಲ್ಲ. ಜಿಪಿ41 ಜಾಗದಲ್ಲೂ ಇಲ್ಲ. ಅಂದರೆ ವೈರಸ್ಸಿನ ವಿರುದ್ಧದ ಆಂಟಿಬಾಡಿ ಇರಲಿಲ್ಲ. ರಿಪೋರ್ಟ್ ನೋಡಿ ನನ್ನ ಕೈ ನಡುಗಿತು. ಆ ಕಾಲದಲ್ಲಿ 'ಪಾಸಿಟಿವ್' ಅಂದರೆ ಆ ತಾಯಿಯನ್ನು ಮನೆಯಿಂದಲೇ ಹೊರಗೆ ಹಾಕಿಬಿಡುತ್ತಿದ್ದರೇನೋ.

ಬೇರೆಯವರ ರಕ್ತ ಪಡೆದವರಲ್ಲೂ ಅಂಥ ಆಂಟಿಬಾಡಿ ಹುಟ್ಟಿರಬಹುದು. ಹಾಗಾಗಿ ಮಾರನೆ ದಿನದಿಂದ ಪ್ರತಿ ಫಾರಂನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಎರಡು ಪ್ರಶ್ನೆ ಬರೆದಿಡತೊಡಗಿದೆ: ಎಷ್ಟು ಹೆರಿಗೆ? ಎಷ್ಟು ಸಲ ರಕ್ತ ಹಾಕಿಸಿಕೊಂಡಿದ್ದಾರೆ?